‘ಇದು ಆಫೀಸಲ್ಲಮ್ಮ, ಆಟದ ಮೈದಾನ’ ಅಂದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸಾರ್ವಜನಿಕ ಆಟದ ಮೈದಾನಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ, ಕ್ರೀಡಾ ಸಂಸ್ಥೆಗಳ ಪದಾಧಿಕಾರಿಗಳಿಗೆ ಮತ್ತು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಿಗೆ

ವಿಷಯ: ಮೈದಾನದಲ್ಲಿ ಹೆಣ್ಣುಮಕ್ಕಳ ಪಾಲಿನ ಸಮಯ, ಒಂದು ಬೀಗದ ಕೈ ಮತ್ತು ದೂರು ಸಮಿತಿಯ ಬೋರ್ಡು

ಮಾನ್ಯರೇ,

ಖೋಖೋ ಅಂಕಣಕ್ಕೆ ಗೆರೆ ಹಾಕಲು ಇಬ್ಬರು ಸೇರಿದರೂ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಒಬ್ಬಳು ಹಗ್ಗ ಬಿಗಿಯಾಗಿ ಹಿಡಿದು ಕೂರಬೇಕು, ಇನ್ನೊಬ್ಬಳು ಸುಣ್ಣದ ಪುಡಿ ಉದುರಿಸುತ್ತಾ ಬಗ್ಗಿಕೊಂಡೇ ಹಿಂದಕ್ಕೆ ನಡೆಯಬೇಕು. ಉದ್ದ 27 ಮೀಟರ್, ಅಗಲ 16 ಮೀಟರ್, ಎರಡು ತುದಿಗೆ ಎರಡು ಕಂಬ, ನಡುವೆ ಎಂಟು ಚೌಕ. ಇಷ್ಟನ್ನೂ ಅಳಿಸುವುದಕ್ಕೆ ಟೆನಿಸ್ ಬಾಲ್ ಕ್ರಿಕೆಟ್‌ನ ಒಂದು ಓವರ್ ಸಾಕು. ನಗರದ ಪಶ್ಚಿಮ ಭಾಗದ ಮೈದಾನವೊಂದರಲ್ಲಿ ಎರಡು ವರ್ಷದಿಂದ ವಾರಕ್ಕೆ ಐದು ದಿನ ನಾನು ನೋಡುತ್ತಿರುವುದು ಇದನ್ನೇ. ನಮಗೆ ಕೊಟ್ಟಿರುವ ಸಮಯ ಬೆಳಗಿನ ಐದೂವರೆಯಿಂದ ಆರೂಮುಕ್ಕಾಲು. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಎದುರಿನವಳ ಮುಖವೂ ಕಾಣುವುದಿಲ್ಲ. ಮುಖ ಕಾಣುವಷ್ಟು ಬೆಳಕಾಗಿ ಆಟ ಕಾವೇರುತ್ತಿದ್ದಂತೆ ಬ್ಯಾಟು ಹಿಡಿದವರು ಗಡಿಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ. ಯಾರೂ ಜಗಳಕ್ಕೆ ಬರುವುದಿಲ್ಲ, ಅದನ್ನೂ ಹೇಳಬೇಕು. ಸುಮ್ಮನೆ ನಿಲ್ಲುತ್ತಾರೆ, ಗಡಿಯಾರ ನೋಡುತ್ತಾರೆ, ಅಷ್ಟೇ.

ನನ್ನ ಪರಿಚಯ ಚಿಕ್ಕದು. ಐದು ವರ್ಷದ ಕಾನೂನು ಪದವಿಯಲ್ಲಿ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ಊರು ಶಿರಾ ತಾಲ್ಲೂಕಿನ ಒಂದು ಹಳ್ಳಿ, ಮನೆಯಲ್ಲಿ ಕಡಲೆಕಾಯಿ ಬೇಸಾಯ. ಸರ್ಕಾರಿ ಹೈಸ್ಕೂಲಿನ ಹೊಂಗೆ ಮರದ ಪಕ್ಕ ಪಿ.ಟಿ. ಮೇಷ್ಟ್ರು ಎರಡು ನೀಲಗಿರಿ ಕಂಬ ನೆಟ್ಟು ನಮ್ಮನ್ನು ಕೂರಿಸಿದಾಗ ನಾನು ಎಂಟನೇ ಕ್ಲಾಸು. ಚಡ್ಡಿ ಹಾಕುವುದಕ್ಕೆ ಮನೆಗಳಲ್ಲಿ ಒಪ್ಪದ ಕಾರಣ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಓಡುತ್ತಿದ್ದೆವು. ತಾಲ್ಲೂಕು ಮಟ್ಟ ಗೆದ್ದೆವು, ಜಿಲ್ಲೆ ಗೆದ್ದೆವು, ಆಮೇಲೆ ಚಡ್ಡಿಯ ಮಾತು ತಾನಾಗಿಯೇ ನಿಂತಿತು. ಬೆಂಗಳೂರಿಗೆ ಪಿಯುಸಿಗೆ ಬಂದದ್ದು ಕ್ರೀಡಾ ಕೋಟಾದಲ್ಲಿ. ಕಾನೂನು ಓದುವ ಮೊದಲ ವರ್ಷ, ಕಲ್ಲುಕಲ್ಲಾದ ನೆಲದ ಮೇಲೆ ಕಂಬದ ಹತ್ತಿರ ಡೈವ್ ಹೊಡೆದಾಗ ಮಂಡಿಯ ಲಿಗಮೆಂಟ್ ಹರಿಯಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿಲ್ಲ. ಎದುರಿನ ಕಬ್ಬಿನ ಹಾಲಿನ ಅಂಗಡಿಯವರು ಒಂದು ಕವರು ಐಸು ಕೊಟ್ಟರು, ದುಡ್ಡು ಬೇಡವೆಂದರು. ಅಂದಿನಿಂದ ನಾನು ಆಡುವುದಿಲ್ಲ, ಆಡಿಸುತ್ತೇನೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ ಕಡೆಯಿಂದ ಬರುವ ಹದಿನಾಲ್ಕು ಹುಡುಗಿಯರು. ಹೆಚ್ಚಿನವರ ತಾಯಂದಿರು ಗಾರ್ಮೆಂಟ್ಸ್ ಕೆಲಸದವರು.

ಇವರು ಬರುವುದಾದರೂ ಹೇಗೆ ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದುಂಟು. ಬಸ್ಸಿನಲ್ಲಿ, ಸ್ವಾಮಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ಅದಕ್ಕೂ ಮುಂಚೆ, ದಿನಕ್ಕೆ ಇಷ್ಟು ಬಸ್ ಚಾರ್ಜು ಆಟಕ್ಕೆ ಅಂತ ಯಾವ ತಾಯಿ ಎತ್ತಿಡುತ್ತಿದ್ದರು? ಯೋಜನೆಯ ಬಗ್ಗೆ ನಿಮ್ಮ ರಾಜಕೀಯ ಅಭಿಪ್ರಾಯ ಏನೇ ಇರಲಿ, ಅದು ಈ ಹದಿನಾಲ್ಕು ಜನರನ್ನು ಮೈದಾನದ ಗೇಟಿನ ತನಕ ತಂದು ಬಿಟ್ಟಿದೆ. ಗೇಟಿನ ಒಳಗೆ ಏನಾಗುತ್ತದೆ ಎಂಬುದಕ್ಕಾಗಿ ಈ ಪತ್ರ.

ಒಳಗೆ ಒಂದು ಕೊಠಡಿ ಇದೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಮಹಿಳೆಯರು ಉಡುಪು ಬದಲಿಸುವ ಕೊಠಡಿ’ ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದಾರೆ. ಕಿಟಕಿಯಲ್ಲಿ ಇಣುಕಿದರೆ ರಾಜ್ಯೋತ್ಸವದ ಶಾಮಿಯಾನದ ಕಂಬಗಳು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಹರಿದ ಕ್ರಿಕೆಟ್ ಮ್ಯಾಟು, ಒಂದು ಸ್ಪೀಕರ್ ಡಬ್ಬ. ಬೀಗದ ಕೈ ಒಂಬತ್ತು ಗಂಟೆಗೆ ಕೆಲಸಕ್ಕೆ ಬರುವವರ ಜೇಬಿನಲ್ಲಿ. ನಮ್ಮ ಅಭ್ಯಾಸ ಆರೂಮುಕ್ಕಾಲಿಗೇ ಮುಗಿದಿರುತ್ತದೆ. ಪಕ್ಕದ ಶೌಚಾಲಯಕ್ಕೆ ಚಿಲಕವಿಲ್ಲ. ಚಿಲಕವಿದ್ದ ಜಾಗದಲ್ಲಿ ಎರಡು ತೂತು ಉಳಿದಿವೆ. ಹುಡುಗಿಯರು ಆ ತೂತಿಗೆ ಶೂ ಲೇಸ್ ಪೋಣಿಸಿ, ಒಳಗಿನಿಂದ ಒಂದು ಕೈಯಲ್ಲಿ ಎಳೆದು ಹಿಡಿದುಕೊಳ್ಳುತ್ತಾರೆ. ಆ ಲೇಸು ಈಗ ತಂಡದ ಆಸ್ತಿ, ಸುಣ್ಣದ ಚೀಲದ ಜೊತೆಗೇ ಇಟ್ಟಿರುತ್ತೇವೆ. ಮುಟ್ಟಿನ ದಿನಗಳಲ್ಲಿ ಕೆಲವರು ಬರುವುದೇ ಇಲ್ಲ. ಬಂದವರು ರಾತ್ರಿಯಿಂದಲೇ ನೀರು ಕುಡಿದಿರುವುದಿಲ್ಲ. ಹೋದ ಬೇಸಿಗೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಓಡುತ್ತಾ ಓಡುತ್ತಾ ಕಂಬ ತಬ್ಬಿಕೊಂಡು ಹಾಗೇ ಕುಸಿದಳು. ಕಂಬ ಹಿಡಿದು ಎದುರಾಳಿಯತ್ತ ಜಿಗಿಯುವ ಪೋಲ್ ಡೈವ್ ಅಂದುಕೊಂಡು ನಾವು ಚಪ್ಪಾಳೆ ತಟ್ಟಿದ್ದೆವು. ಆಮೇಲೆ ಗೊತ್ತಾಯಿತು.

ಇದಿಷ್ಟಾಗಿದ್ದರೆ ಅರ್ಜಿ ಬರೆದು ಸುಮ್ಮನಾಗುತ್ತಿದ್ದೆ. ಹೋದ ಜನವರಿಯಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಕೂತ ಒಬ್ಬ ಗಂಡಸು ಮೂರು ದಿನ ನಮ್ಮ ಹುಡುಗಿಯರ ವಿಡಿಯೊ ಮಾಡಿದ. ಖೋಖೋದಲ್ಲಿ ಎಂಟು ಜನ ಮಂಡಿ ಮಡಚಿ, ಮುಂದಕ್ಕೆ ಬಾಗಿ ಕೂತಿರಬೇಕು, ಆಟವೇ ಹಾಗೆ. ಅವನ ಮೊಬೈಲು ಆಟ ನೋಡುವವರ ಮೊಬೈಲಿನ ಹಾಗೆ ಓಡುವವರ ಹಿಂದೆ ಓಡುತ್ತಿರಲಿಲ್ಲ, ಕೂತವರ ಮೇಲೆಯೇ ನಿಂತಿತ್ತು. ಮೂರನೇ ದಿನ ನಾನು ಹೋಗಿ ಕೇಳಿದೆ, ಎದ್ದು ಹೋದ. ಮೈದಾನದ ಮೇಲ್ವಿಚಾರಕರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ನನ್ನನ್ನು ಮಗಳ ಹಾಗೆಯೇ ಮಾತಾಡಿಸುತ್ತಾರೆ. ‘ನೀವೇ ಇನ್ನೊಂದು ಅರ್ಧ ಗಂಟೆ ಮುಂಚೆ ಬನ್ನಿ, ಕತ್ತಲಲ್ಲಿ ಯಾರೂ ಇರಲ್ಲ’ ಅಂದರು. ದೂರು ಸಮಿತಿ ಯಾವುದು, ಯಾರಿಗೆ ಬರೆದುಕೊಡಬೇಕು ಎಂದು ಕೇಳಿದ್ದಕ್ಕೆ ಬಂದ ಉತ್ತರವೇ ಈ ಪತ್ರದ ತಲೆಬರಹ: ‘ಇದು ಆಫೀಸಲ್ಲಮ್ಮ, ಆಟದ ಮೈದಾನ. ಸಮಿತಿ ಗಿಮಿತಿ ಎಲ್ಲ ಆಫೀಸಿನೋರಿಗೆ.’

ಮಾನ್ಯರೇ, ಆ ಉತ್ತರ ತಪ್ಪು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 2ನೇ ಸೆಕ್ಷನ್ ‘ಕೆಲಸದ ಸ್ಥಳ’ ಎಂದರೇನು ಎಂದು ವಿವರಿಸುತ್ತದೆ. ಕಚೇರಿ, ಆಸ್ಪತ್ರೆಗಳ ಸಾಲಿನಲ್ಲೇ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಕ್ರೀಡಾ ಸಂಕೀರ್ಣ, ಸ್ಪರ್ಧೆ ನಡೆಯುವ ಜಾಗ, ತರಬೇತಿಯ ಜಾಗ ಎಲ್ಲವೂ ಅಲ್ಲಿವೆ. ಯಾರೋ ವಕೀಲರು ಎಳೆದಾಡಿ ಹೊರಡಿಸಿದ ಅರ್ಥವಲ್ಲ, ಅಕ್ಷರಕ್ಕಕ್ಷರ ಬರೆದಿದೆ. ‘ಅವರೇನು ನೌಕರರಾ?’ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೇನೆ. ನೊಂದ ಮಹಿಳೆ ಯಾವ ವಯಸ್ಸಿನವಳೇ ಆಗಿರಲಿ, ಅಲ್ಲಿ ನೌಕರಿಯಲ್ಲಿ ಇರಲಿ ಇಲ್ಲದಿರಲಿ, ಆಕೆಗೆ ಈ ಕಾಯ್ದೆಯ ರಕ್ಷಣೆ ಇದೆ. ‘ಗೋಡೆ ಮೇಲೆ ಕೂತವನು ನಮ್ಮ ಸಿಬ್ಬಂದಿಯಲ್ಲ’ ಎಂದರೆ, 19ನೇ ಸೆಕ್ಷನ್ ಓದಬೇಕು. ಆ ಜಾಗಕ್ಕೆ ಬಂದು ಹೋಗುವ ಹೊರಗಿನವರಿಂದಲೂ ಸುರಕ್ಷತೆ ಕೊಡುವುದು ನಡೆಸುವವರ ಕರ್ತವ್ಯ. ಸಮಿತಿಯಲ್ಲಿ ಯಾರಿದ್ದಾರೆ ಎಂಬ ಆದೇಶವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಬೇಕು ಎಂದು ಹೇಳುವುದೂ ಅದೇ ಸೆಕ್ಷನ್. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಮಹಿಳೆಯರಿರಬೇಕು. ಅಷ್ಟು ಸಿಬ್ಬಂದಿ ಇಲ್ಲದ ಸಣ್ಣ ಮೈದಾನವಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಅಂದರೆ ದೂರು ಕೊಡಲು ಜಾಗವೇ ಇಲ್ಲದ ಮೈದಾನ ಕಾನೂನಿನ ಲೆಕ್ಕದಲ್ಲಿ ಒಂದೂ ಇಲ್ಲ. ಆದರೆ ದೂರು ಕೊಡುವುದಕ್ಕೆ ಇರುವ ಅವಧಿ ಮೂರು ತಿಂಗಳು. ಸಮಿತಿ ತಕ್ಕ ಕಾರಣ ಕಂಡು ವಿಸ್ತರಿಸಿದರೂ ಮತ್ತೆ ಮೂರೇ ತಿಂಗಳು. ಯಾರಿಗೆ ಕೊಡಬೇಕೆಂದು ಹುಡುಕುವುದರಲ್ಲೇ ಅದು ಕಳೆದುಹೋದರೆ ಆ ದಿನಗಳನ್ನು ವಾಪಸು ಕೊಡುವವರು ಯಾರು?

ನನ್ನ ಹದಿನಾಲ್ಕರಲ್ಲಿ ಹನ್ನೊಂದು ಮಂದಿಗೆ ಹದಿನೆಂಟು ತುಂಬಿಲ್ಲ. ಅವರ ವಿಷಯದಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯೂ ಬರುತ್ತದೆ. ಮಗುವಿನ ಮೇಲೆ ಅಂಥ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಂಥ ಅಪರಾಧವನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ‘ಕತ್ತಲಲ್ಲಿ ಬನ್ನಿ’ ಎನ್ನುವ ಸಲಹೆಯ ಎದುರು ಇದನ್ನು ಇಟ್ಟು ನೋಡಿ ಎಂದಷ್ಟೇ ಕೇಳುತ್ತಿದ್ದೇನೆ.

ಈ ಅಜ್ಞಾನ ನಮ್ಮ ಮೈದಾನದ್ದು ಮಾತ್ರವಲ್ಲ ಎಂಬುದು ಸಮಾಧಾನವೋ ಸಂಕಟವೋ ತಿಳಿಯದು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದೇ ಕಾಯ್ದೆಯ ಜಾರಿ ಕುರಿತ ತೀರ್ಪಿನಲ್ಲಿ ಪತ್ರಿಕಾ ವರದಿಯೊಂದನ್ನು ಉಲ್ಲೇಖಿಸಿತು: ದೇಶದ 30 ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳ ಪೈಕಿ 16ರಲ್ಲಿ ಆಂತರಿಕ ಸಮಿತಿಯೇ ರಚನೆಯಾಗಿರಲಿಲ್ಲ. ಕಾಯ್ದೆ ಬಂದು ಹತ್ತು ವರ್ಷವಾಗಿತ್ತು ಆಗ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ರಾಷ್ಟ್ರ ಮಟ್ಟದ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು ಎನ್ನುತ್ತದೆ, ಸುರಕ್ಷಿತ ಕ್ರೀಡೆಯ ನೀತಿಯ ಮಾತಾಡುತ್ತದೆ. ಒಳ್ಳೆಯದು. ದಿಲ್ಲಿಯಲ್ಲಿ ಕುರ್ಚಿ ಬಂತು, ಇಲ್ಲಿ ಚಿಲಕ ಯಾವಾಗ?

ಖೋಖೋ ಆಡಿದವರಿಗೆ ಒಂದು ವಿಷಯ ಗೊತ್ತು. ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬದ ತನಕ ಹೋಗದೆ ಹಿಂದಕ್ಕೆ ತಿರುಗುವಂತಿಲ್ಲ. ನಡುವಿನ ಪಟ್ಟಿ ದಾಟುವಂತಿಲ್ಲ. ‘ಖೋ’ ಬೀಳುವ ಮುಂಚೆ ಎದ್ದರೆ ಫೌಲು. ಒಂಬತ್ತು ನಿಮಿಷದ ಆಟದಲ್ಲಿ ಇಷ್ಟಕ್ಕೂ ಸೀಟಿ ಊದುತ್ತಾರೆ, ಕಾಲ್ಬೆರಳು ಗೆರೆ ಮುಟ್ಟಿದ್ದೂ ಕಾಣುತ್ತದೆ ಅವರಿಗೆ. ಆಡುವವರಿಗೆ ಇಷ್ಟು ಬಿಗಿ ಇರುವ ಕಡೆ ಆಡಿಸುವವರ ನಿಯಮ ಪುಸ್ತಕವನ್ನು ಯಾರೂ ತೆರೆದಿಲ್ಲ ಎಂಬುದೇ ನನ್ನ ದೂರಿನ ತಿರುಳು. ಹೊಸ ಕಾನೂನು ಕೇಳುತ್ತಿಲ್ಲ. ಇರುವುದಕ್ಕೆ ಸೀಟಿ ಊದಿ ಎನ್ನುತ್ತಿದ್ದೇನೆ.

ಕಾನೂನು ಓದುವ ಹುಡುಗಿ ಆಟದ ಮೈದಾನದಲ್ಲಿ ಏನು ಮಾಡುತ್ತಿದ್ದಾಳೆ ಎಂದು ನನ್ನ ಸಹಪಾಠಿಗಳೂ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಬ್ಬರು ಓಟಗಾರ್ತಿಯರ ಕಥೆ. ತಮಿಳುನಾಡಿನ ಪುದುಕೋಟೈ ಕಡೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ಹೆಸರಿನಲ್ಲಿ ಆ ಪದಕ ಕಿತ್ತುಕೊಂಡರು, ಓಟದ ಬದುಕು ಅಲ್ಲಿಗೆ ಮುಗಿಯಿತು. ಎಂಟು ವರ್ಷದ ನಂತರ, 2014ರಲ್ಲಿ, ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಂದ್ ಅವರನ್ನು ಹಾರ್ಮೋನ್ ಪ್ರಮಾಣದ ಕಾರಣ ಹೇಳಿ ಕಾಮನ್‌ವೆಲ್ತ್ ಗೇಮ್ಸ್ ತಂಡದಿಂದ ಬಿಟ್ಟರು. ದ್ಯುತಿ ಸುಮ್ಮನಾಗಲಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯ ಮಂಡಳಿಗೆ ಹೋದರು, ಕೆನಡಾದ ವಕೀಲರು ಶುಲ್ಕವಿಲ್ಲದೆ ಅವರ ಪರ ವಾದಿಸಿದರು. 2015ರ ಜುಲೈನಲ್ಲಿ ಮಂಡಳಿ ಹಾರ್ಮೋನ್ ಮಿತಿಯ ಆ ನಿಯಮವನ್ನೇ ಎರಡು ವರ್ಷ ಅಮಾನತಿನಲ್ಲಿಟ್ಟಿತು. ಮರುವರ್ಷ ದ್ಯುತಿ ರಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದರು. ಇಬ್ಬರ ಕಾಲಲ್ಲೂ ಕಸುವಿತ್ತು. ಒಬ್ಬರ ಪರವಾಗಿ ಮಾತಾಡುವವರು ಹೊತ್ತಿಗೆ ಸರಿಯಾಗಿ ಸಿಕ್ಕರು, ಇನ್ನೊಬ್ಬರಿಗೆ ಸಿಗಲಿಲ್ಲ. ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ, ಅಂದರೆ ಮೂಟ್ ಕೋರ್ಟ್ ಸ್ಪರ್ಧೆಗೆ ದ್ಯುತಿಯ ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಂಡಿ ಹೋದ ಮೇಲೆ ಅಲ್ಲಿಯ ತನಕ ಕಾನೂನನ್ನು ನಾನು ಎರಡನೇ ಆಯ್ಕೆ ಅಂದುಕೊಂಡಿದ್ದೆ.

ಸಮಾನತೆಯ ವಿಷಯದಲ್ಲಿ ನಿಮ್ಮಲ್ಲಿ ಕೆಲವರು ನನಗೆ ಕೊಟ್ಟ ಸಮಜಾಯಿಷಿ ಒಂದಿದೆ: ‘ಮೈದಾನ ಎಲ್ಲರಿಗೂ ತೆರೆದಿದೆ, ಮೊದಲು ಬಂದವರಿಗೆ ಮೊದಲು.’ ಕೇಳಲು ನ್ಯಾಯವಾಗಿದೆ. ಆದರೆ ಮನೆಯಲ್ಲಿ ತಮ್ಮನಿಗೆ ಟಿಫನ್ ಡಬ್ಬ ಕಟ್ಟಿ ಬರುವವಳು, ಸಂಜೆ ಏಳಕ್ಕೆ ಮನೆ ಸೇರಲೇಬೇಕಾದವಳು ‘ಮೊದಲು’ ಬರುವುದು ಯಾವಾಗ? ನಮ್ಮ ಆಟದಲ್ಲೇ ಇದಕ್ಕೆ ಉತ್ತರವಿದೆ. ಸಬ್ ಜೂನಿಯರ್ ಮಕ್ಕಳಿಗೆ ಅಂಕಣ ಕಿರಿದು, ಆಟದ ಸಮಯವೂ ಕಡಿಮೆ. ಅದನ್ನು ಯಾರೂ ರಿಯಾಯಿತಿ ಎನ್ನುವುದಿಲ್ಲ, ಅಳತೆ ಎನ್ನುತ್ತಾರೆ. ಸಂವಿಧಾನದ 15ನೇ ವಿಧಿಯೂ ಹಾಗೆಯೇ. ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗಗಳ ಬಳಕೆಯಲ್ಲಿ ಜಾತಿಯ ಹಾಗೆಯೇ ಲಿಂಗದ ಕಾರಣಕ್ಕೂ ಯಾರನ್ನೂ ತಡೆಯುವಂತಿಲ್ಲ ಎಂದು ಹೇಳಿ, ಅಲ್ಲಿಗೇ ನಿಲ್ಲದೆ ಮಹಿಳೆಯರಿಗೂ ಮಕ್ಕಳಿಗೂ ಸರ್ಕಾರ ವಿಶೇಷ ಏರ್ಪಾಡು ಮಾಡಬಹುದು ಎಂದೂ ಸೇರಿಸುತ್ತದೆ. ಮೈದಾನವನ್ನು ನಾನು ಆ ಬಾವಿ, ಕೆರೆಗಳ ಸಾಲಿನಲ್ಲಿಟ್ಟೇ ಓದುತ್ತೇನೆ. ಗಾಲಿಕುರ್ಚಿಯಲ್ಲಿ ಬರುವ ನನ್ನ ಸಹಪಾಠಿಯೊಬ್ಬನಿಗೆ ಗೇಟಿನ ಕಬ್ಬಿಣದ ತಿರುಗಣೆ ದಾಟಲಾಗದೆ ಹೊರಗಿನಿಂದಲೇ ನಮ್ಮ ಪಂದ್ಯ ನೋಡಿದ್ದೂ ಇದೇ ಲೆಕ್ಕಕ್ಕೆ ಸೇರಬೇಕು. ಕ್ರೀಡೆಯಲ್ಲಿ ಅಂಗವಿಕಲರ ಭಾಗವಹಿಸುವಿಕೆಗೆಂದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಒಂದು ಸೆಕ್ಷನ್ ಇದೆ. ಪದ್ಮಶ್ರೀ ಪಡೆದ ಪ್ಯಾರಾ ಅಥ್ಲೀಟ್ ಮಾಲತಿ ಹೊಳ್ಳ ಅವರ ಊರಿದು. ತಿರುಗಣೆ ಬಿಚ್ಚಿಸಲು ಒಂದು ಸ್ಪ್ಯಾನರ್ ಸಾಕು.

ಈಗ ಬೇಡಿಕೆಗೆ ಬರುತ್ತೇನೆ. ವಾರದಲ್ಲಿ ಕನಿಷ್ಠ ಮೂರು ಸಂಜೆ, ನಾಲ್ಕೂವರೆಯಿಂದ ಆರರವರೆಗೆ, ಮೈದಾನದ ಒಂದು ಭಾಗ ಹೆಣ್ಣುಮಕ್ಕಳ ಆಟಗಳಿಗೆ ಮೀಸಲಿರಲಿ, ಅದು ಗೇಟಿನ ಹತ್ತಿರ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಿರಲಿ. ಬಾಯಿಮಾತಿನ ಒಪ್ಪಂದ ಪ್ರತಿ ಟೂರ್ನಮೆಂಟಿನಲ್ಲೂ ಮುರಿದಿದೆ. ಉಡುಪು ಕೊಠಡಿಯಿಂದ ಶಾಮಿಯಾನ ಸಾಮಾನು ಖಾಲಿ ಮಾಡಿಸಿ, ಮೈದಾನದ ಗೇಟು ತೆರೆಯುವವರ ಬಳಿಯೇ ಅದರ ಬೀಗದ ಕೈಯೂ ಇರಲಿ. ಚಿಲಕ, ನೀರು, ಒಂದು ದೀಪ, ಮುಚ್ಚಳವಿರುವ ಕಸದ ಬುಟ್ಟಿ. ಇದರ ಅಂದಾಜು ಪಟ್ಟಿಯನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿ ಆಗಲೇ ಕೊಟ್ಟಿದ್ದೇನೆ, ನಿಮ್ಮ ಯಾವ ಟೆಂಡರಿನ ಮಿತಿಗೂ ಅದು ಬರುವುದಿಲ್ಲ. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರು, ಸಮಿತಿ ಇಲ್ಲದ ಕಡೆ ಜಿಲ್ಲಾ ಸ್ಥಳೀಯ ಸಮಿತಿಯ ವಿಳಾಸ, ದೂರಿಗೆ ಇರುವ ಮೂರು ತಿಂಗಳ ಅವಧಿ, ಇಷ್ಟನ್ನು ಬರೆದ ಬೋರ್ಡನ್ನು ಸ್ಕೋರ್ ಬೋರ್ಡಿನ ಪಕ್ಕ ಹಾಕಿಸಿ, ಏಕೆಂದರೆ ಎಲ್ಲರೂ ನೋಡುವುದು ಅದನ್ನು ಮಾತ್ರ. ಕ್ರೀಡಾ ಸಂಸ್ಥೆಯವರಲ್ಲಿ ಇನ್ನೊಂದು ಮಾತು: ಹೊರ ಊರಿನ ಪಂದ್ಯಕ್ಕೆ ಹುಡುಗಿಯರ ತಂಡ ಹೊರಟಾಗ ಜೊತೆಗೆ ಒಬ್ಬ ಮಹಿಳಾ ಮ್ಯಾನೇಜರ್ ಕಡ್ಡಾಯವಾಗಿ ಇರಬೇಕು. ಕಲ್ಯಾಣ ಮಂಟಪದ ಹಾಲಿನಲ್ಲಿ ಮಲಗಿ, ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದ ಸದ್ದಿಗೆ ಎದ್ದು ಕೂತು ಬೆಳಕು ಹರಿಸಿದ ಪಂದ್ಯ ನನಗೂ ನೆನಪಿದೆ. ಮರುದಿನ ಸೋತೆವು. ಸ್ಕೋರ್ ಶೀಟಿನಲ್ಲಿ ಕಾರಣ ಬರೆಯುವ ಕಾಲಂ ಇರುವುದಿಲ್ಲ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳುತ್ತೇನೆ. ನನ್ನ ಕಾಲೇಜಿನ ಕಾನೂನು ನೆರವು ಘಟಕದ ಐವರು ಪ್ರತಿ ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಕೂರಲು ಒಪ್ಪಿದ್ದಾರೆ. ಬೋರ್ಡಿನ ಒಕ್ಕಣೆ ಕನ್ನಡದಲ್ಲಿ ಸಿದ್ಧವಾಗಿದೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಹಿಳೆಗೂ ಮಗುವಿಗೂ ಆದಾಯದ ಪ್ರಶ್ನೆಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬ ಸಾಲನ್ನು ಅದರ ಕೊನೆಗೆ ಸೇರಿಸಿದ್ದೇವೆ. ಮೇಲ್ವಿಚಾರಕರಿಗೂ ತರಬೇತುದಾರರಿಗೂ ಕಾಯ್ದೆಯನ್ನು ವಿವರಿಸಲು ಒಂದು ಗಂಟೆ ಬಿಡುವು ಕೊಡಿ, ಸಂಭಾವನೆ ಬೇಡ, ಕಾಫಿ ಸಾಕು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ ಬರೆದಿಟ್ಟುಕೊಂಡಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಅದು ಒಂದೇ ವಿಷಯದ್ದಾಗಿರಬೇಕು, 150 ಪದ ಮೀರುವಂತಿಲ್ಲ. ಶೂ ಲೇಸಿನ ವಿಷಯ ಅದರಲ್ಲಿ ಹಿಡಿಸಲಿಲ್ಲ, ಹಾಗಾಗಿ ಮೊದಲು ಈ ಪತ್ರ. ಅರ್ಜಿಗೆ ನೀವು ಮೂವತ್ತು ದಿನದಲ್ಲಿ ಉತ್ತರಿಸಬೇಕು. ಪತ್ರಕ್ಕೆ ಅಂಥ ಗಡುವಿಲ್ಲ, ಆದರೂ ಅಷ್ಟೇ ದಿನ ಕಾಯುತ್ತೇನೆ.

ಸೋಮವಾರ ಐದೂವರೆಗೆ ಎಂದಿನಂತೆ ಗೆರೆ ಹಾಕುತ್ತೇವೆ. ಸುಣ್ಣದ ಪುಡಿ ಇನ್ನೂ ಒಂದೂವರೆ ಚೀಲ ಉಳಿದಿದೆ. ಕೊಠಡಿಯ ಬೀಗದ ಕೈ ಆ ಹೊತ್ತಿಗೆ ಯಾರ ಬಳಿ ಇರುತ್ತದೆ ಎಂದು ತಿಳಿಸಿದರೆ ನಾವೇ ಬಂದು ತೆಗೆದುಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಾಲ್ಕನೇ ವರ್ಷದ ಕಾನೂನು ವಿದ್ಯಾರ್ಥಿನಿ, ಹಳೆಯ ಖೋಖೋ ಆಟಗಾರ್ತಿ
ಬೆಂಗಳೂರು